ಉಸಿರು ಹಿಡಿದ ಹೊತ್ತು

ಎದ್ದಾಗಿನಿಂದ ಐರಿನ್ ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಳ್ಳುತ್ತಲೇ ಇದ್ದಳು. ಇವತ್ತಿನ ಆಪರೇಷನ್ನಿಗೆ ಕ್ಲೋರೋಫಾರ್ಮ್ ಹಾಕುವವಳು ತಾನಲ್ಲ, ಸಿತಾರಾ, ಅದೂ ಮೊದಲ ಸಲ. ತಾನು ಬರೀ ಪಕ್ಕದಲ್ಲಿ ನಿಂತು ಕಲಿಸುವವಳು. ಅದು ಗೊತ್ತಿದ್ದರೂ ಚಹದ ಬಟ್ಟಲು ಹಿಡಿದಾಗ, ಸೀರೆಯ ಸೆರಗಿಗೆ ಪಿನ್ನು ಚುಚ್ಚಿದಾಗ, ಆ ಬೆರಳು ಬೇರೆ ಯಾರದೋ ಎಂಬಂತೆ ಕಣ್ಣು ಅದರ ಕಡೆಗೇ ಹೋಗುತ್ತಿತ್ತು. ಹುಬ್ಬಳ್ಳಿಯ ಈ ಹೆಂಗಸರ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ, ಮೇಜಿನ ತಲೆಯ ಕಡೆ ನಿಂತು, ಬಾಟಲಿಯ ಬೂಚಿನ ಸೀಳಿನಿಂದ ಹನಿ ಹನಿಯಾಗಿ ಔಷಧ ಇಳಿಸಿದ ಕೈ ಅದು. ನಾಲ್ಕು ತಿಂಗಳ ಹಿಂದೆ ಒಂದು ದಿನ, ಹೆಬ್ಬೆರಳಿನ ಸಂದು ನೋಯುತ್ತದೆ, ಬಾಟಲಿ ಹದಕ್ಕೆ ನಿಲ್ಲುವುದಿಲ್ಲ ಎಂದು ಡಾಕ್ಟರ್ ಮಂದಾಕಿನಿಬಾಯಿಯವರ ಮುಂದೆ ಸುಳ್ಳು ಹೇಳಿದ್ದಳು. ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿ, ಬಟ್ಟೆಯ ಪಟ್ಟಿ ಕಟ್ಟಿದರು. ಮುಂಬಯಿಯಲ್ಲಿ ಓದಿ ಬಂದ ದೊಡ್ಡ ಡಾಕ್ಟರಬಾಯಿ, ಧಾರವಾಡದ ವೈದಿಕರ ಮನೆಯ ಮಗಳು, ತನ್ನ ಸುಳ್ಳಿಗೆ ಎಣ್ಣೆ ತಿಕ್ಕುತ್ತಿರುವುದನ್ನು ನೋಡುತ್ತ ಐರಿನ್ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ನೋವಿಗೆ ಹಾಗೆ ಮಾಡಿದಳೆಂದು ಅವರು ಇನ್ನಷ್ಟು ಹಗುರಾಗಿ ತಿಕ್ಕಿದ್ದರು. ಅಂದಿನಿಂದ ಊರಿನ ಮುದಿ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬಂದು ಔಷಧ ಹಾಕಿ ಹೋಗುತ್ತಿದ್ದರು, ಮತ್ತು ಐರಿನ್ ತನ್ನ ಜಾಗಕ್ಕೆಂದು ಸಿತಾರಾಳನ್ನು ತಯಾರು ಮಾಡುತ್ತಿದ್ದಳು. ಆಶ್ಚರ್ಯವೆಂದರೆ ಈಗೀಗ ಆ ಬೆರಳು ನಿಜವಾಗಿಯೂ ನೋಯುತ್ತಿತ್ತು.

ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೂಗಿದಾಗ ಅವಳು ಆಸ್ಪತ್ರೆಯ ಗೇಟು ದಾಟುತ್ತಿದ್ದಳು. ಶನಿವಾರ ಐತವಾರ ಎರಡು ದಿನ ಧಾರವಾಡದಲ್ಲಿ ತಂಗಿಯ ಮನೆಯಲ್ಲಿದ್ದು ಬಂದಿದ್ದರಿಂದ, ಇವತ್ತಿನ ರೋಗಿ ಹತ್ತೊಂಬತ್ತು ವರ್ಷದವಳು, ಹೊಟ್ಟೆಯಲ್ಲಿ ಗಡ್ಡೆ, ಎಂಬುದಷ್ಟೇ ಗೊತ್ತಿತ್ತು. ಅಷ್ಟೇ ಗೊತ್ತಿರುವುದು ಛಲೋ ಎಂದು ಅಂದುಕೊಂಡಿದ್ದಳು. ಹೆಸರು, ಊರು, ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಇವನ್ನೆಲ್ಲ ಮೊದಲು ತಾನೇ ಮಂಚದ ಅಂಚಿಗೆ ಕೂತು ಕೇಳುತ್ತಿದ್ದಳು. ಹೆದರಿದವರು ಮಾತಾಡುತ್ತ ಹಗುರಾಗುತ್ತಾರೆ, ಹಗುರಾದವರು ಲಗೂ ನಿದ್ದೆ ಹೋಗುತ್ತಾರೆ. ಈಗ ಕೇಳಬೇಕೆನ್ನಿಸುವುದಿಲ್ಲ. ಪಡಸಾಲೆಯ ಮೆಟ್ಟಿಲು ಹತ್ತುವಾಗ ಕಂಬಕ್ಕೊರಗಿ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. ಇಳಕಲ್ ಸೀರೆಯ ಸೆರಗು ತಲೆ ತುಂಬ ಹೊದ್ದ, ಬಿಸಿಲಿಗೆ ಬಣ್ಣಗೆಟ್ಟ ಮುಖ. ಆ ಮುಖವನ್ನು ಐರಿನ್ ಮರೆತಿರಲಿಲ್ಲ; ಮರೆಯಲೆಂದೇ ಅಲ್ಲವೆ ನಾಲ್ಕು ತಿಂಗಳಿಂದ ಪಡಸಾಲೆಯಲ್ಲಿ ಕೂತವರ ಕಡೆ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದು.

"ಅಕ್ಕಾರ, ನೀವ ಅಲ್ಲೇನ್ರಿ?" ಎಂದಳು ಹೆಂಗಸು. "ನಾ ಸಾವಕ್ಕರಿ, ಅಮರಗೋಳದಾಕಿ. ಗುಡ್ಡವ್ವನ ತಾಯಿ. ಅವತ್ತು ನನ್ನ ಮಗಳ ತಲಿ ಹಿಡಕೊಂಡು ಅತ್ತ್ರಲ್ಲ, ನೀವ."

ಐರಿನ್ ಮೆಟ್ಟಿಲ ಮೇಲೇ ನಿಂತಳು.

"ಇವತ್ತು ನನ್ನ ಸಣ್ಣ ಮಗಳದು ಐತ್ರಿ, ಫಕ್ಕೀರವ್ವಂದು. ಹೊಟ್ಯಾಗ ಗಡ್ಡಿ ಅಂತ. ದೊಡ್ಡಾಕಿನ್ನ ಕಳಕೊಂಡು ಬಂದು ಮತ್ತ ಅಲ್ಲಿಗೇ ಯಾಕ ಹೊಂಟಿ ಅಂತ ಊರಾಗ ಮಂದಿ ಬೈದ್ರು. ನಾ ಅಂದೆ, ಅಲ್ಲೊಬ್ಬಾಕಿ ನನ್ನ ಮಗಳ ಸಂಬಂಧ ಅತ್ತಾಳ, ಬ್ಯಾರೆ ಕಡೆ ಹಂಗ ಅಳಾವ್ರು ಯಾರದಾರ ಅಂದೆ." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಒಂದ ಮಾತ್ರಿ. ಇವಳದೂ ಎದಿ ಸಣ್ಣದಿರಬೇಕು, ಅಶಕ್ತ ಇರಬೇಕು. ನಮ್ಮ ರಕ್ತದಾಗ ಐತಿ ಕಾಣ್ತೈತಿ. ಗುಡ್ಡವ್ವಂದು ಹಂಗ ಆತಂತ ಡಾಕ್ಟರಬಾಯಾರು ಹೇಳಿದ ಮ್ಯಾಲೆ ನಾಕ ತಿಂಗಳಿಂದ ಇವಳಿಗೆ ಒಂದ ಕೊಡ ನೀರ ಸುದ್ದಾ ಹೊರಾಕ ಬಿಟ್ಟಿಲ್ಲ. ಬೀಗರು ಬಂದು ನೋಡ್ಕೊಂಡು ಹೋದಾವ್ರು ಮಾತ ಮುರದ್ರು. ಎದಿ ಸಣ್ಣದಿರೋ ಹುಡುಗಿ ನಮಗ ಬ್ಯಾಡ ಅಂದ್ರು. ನೀವ ನಿಂದರ್ರಿ ಅವಳ ತಲಿ ಹಂತ್ಯಾಕ. ಇಷ್ಟ ಮಾಡ್ರಿ."

"ನಿಂದರತೇನ್ರಿ" ಎಂದಳು ಐರಿನ್. ಇಷ್ಟು ಸರಳವಾಗಿ ಮಾತು ಹೊರಬಿದ್ದದ್ದಕ್ಕೆ ಅವಳಿಗೇ ಭಯವಾಯಿತು.

ಅವಳು ಅತ್ತಿದ್ದು ನಿಜ. ಆದರೆ ಯಾಕೆ ಅತ್ತಳು ಎಂದು ಯಾರೂ ಕೇಳಿರಲಿಲ್ಲ. ಔಷಧದ ಕೋಣೆಯಲ್ಲಿ ಬೀರುವಿನ ಬಾಗಿಲು ತೆಗೆದು, ತಂತಿಯ ಮಾಸ್ಕನ್ನು ಕೈಗೆತ್ತಿಕೊಂಡು, ಅದಕ್ಕೆ ಹೊಸ ಜಾಳುಬಟ್ಟೆ ಹೊಲಿಯಲು ಕೂತಾಗ ಏಪ್ರಿಲ್ಲಿನ ಆ ದಿನ ತಾನಾಗಿ ಬಂದು ಎದುರಿಗೆ ನಿಂತಿತು. ಗುಡ್ಡವ್ವನಿಗೆ ಇಪ್ಪತ್ತಾರು. ಮೂರು ದಿನದ ಹೆರಿಗೆಯಲ್ಲಿ ಮಗು ಸತ್ತು, ಒಳಗೆಲ್ಲೋ ಹರಿದು, ಅಂದಿನಿಂದ ಹಗಲಿರುಳು ಮೂತ್ರ ಸೋರುತ್ತಿತ್ತು. ಗಂಡ ತವರಿಗೆ ಅಟ್ಟಿದ್ದ. ತವರಿನಲ್ಲಿ ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದು ವರ್ಷ ಮಲಗಿದ್ದಳು. ಹರಿದದ್ದನ್ನು ಹೊಲಿಯಬಹುದು ಎಂದು ಮಂದಾಕಿನಿಬಾಯಿ ಹೇಳಿದಾಗ ನಂಬದೆ ಅವರ ಬಾಯಿಯನ್ನೇ ನೋಡಿದ್ದಳಂತೆ. ಮೇಜಿನ ಮೇಲೆ ಮಲಗಿಸಿದಾಗ ಆ ವಾಸನೆ ಬಂತು. ಎಷ್ಟು ತೊಳೆದರೂ ಹೋಗದ ವಾಸನೆ. ಐರಿನ್ ಮೂಗು ಮುಚ್ಚಲಿಲ್ಲ. ಒಂಬತ್ತು ವರ್ಷದಲ್ಲಿ ಅವಳು ಯಾರ ಮುಂದೆಯೂ ಮೂಗು ಮುಚ್ಚಿದವಳಲ್ಲ. ಔಷಧ ತಾಗಿ ಚರ್ಮ ಸುಡದಿರಲೆಂದು ಗುಡ್ಡವ್ವನ ತುಟಿಗೆ, ಗಲ್ಲಕ್ಕೆ ವ್ಯಾಸಲೀನ್ ಹಚ್ಚಲು ಹೋದಾಗ ಅವಳು ಮುಖ ಹೊರಳಿಸಿದಳು. "ಮುಟ್ಟಬ್ಯಾಡ" ಎಂದಳು. ಐರಿನ್ ಸಮಾಧಾನದ ಮಾತಾಡಿ ಮತ್ತೆ ಕೈ ಚಾಚಿದಳು. "ಮುಟ್ಟಬ್ಯಾಡ, ಹೊಲಸು ಐತಿ, ಮುಟ್ಟಬ್ಯಾಡ ನನ್ನ" ಎಂದು ಗುಡ್ಡವ್ವ ಅವಳ ಮಣಿಕಟ್ಟನ್ನು ತಳ್ಳಿದಳು. ಕೈಕಾಲು ಹಿಡಿಯಲು ನಿಂತಿದ್ದ ಇಬ್ಬರು ಆಯಾಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೂ ಗೊತ್ತಿತ್ತು, ಐರಿನ್‌ಳ ಅಜ್ಜ ಯಾವ ಕೇರಿಯಿಂದ ಎದ್ದು ಚರ್ಚಿಗೆ ಬಂದವನೆಂದು.

ಹೊಲಸು. ಒಂಬತ್ತು ವರ್ಷದ ಹುಡುಗಿ ಐರಿನ್ ಅಮ್ಮನ ಜೊತೆ ಧಾರವಾಡದ ಸಪ್ತಾಪುರದ ಒಂದು ದೊಡ್ಡ ಮನೆಗೆ ಹೋಗಿದ್ದಳು. ಅಮ್ಮ ಹೆಣೆದ ಲೇಸಿನ ಅಂಚನ್ನು ಆ ಮನೆಯ ಮುದುಕಿ ಜಗಲಿಯ ಮೇಲಿಡಿಸಿ, ಬಿಸಿಲಲ್ಲಿ ಬಂದೀರಿ, ನೀರು ಕುಡೀರಿ ಎಂದು ದೊಡ್ಡ ಮನಸ್ಸಿನಿಂದಲೇ ಹೇಳಿದಳು. ಬೊಗಸೆ ಒಡ್ಡಿದಾಗ ತಂಬಿಗೆಯನ್ನು ಎದೆಯ ಎತ್ತರಕ್ಕೆ ಹಿಡಿದು ಸುರಿದಳು. ನೀರು ಮೂಗಿಗೆ ಹೋಗಿ ಹುಡುಗಿ ಕೆಮ್ಮುತ್ತ ಒಂದು ಹೆಜ್ಜೆ ಮುಂದೆ ಎಡವಿದಾಗ, "ದೂರ, ದೂರ ನಿಂದ್ರು, ಹೊಲಸಾಗತದ" ಎಂದು ಮುದುಕಿ ಹಿಂದೆ ಸರಿದಳು. ಒಳಗಿನಿಂದ ನೋಡುತ್ತಿದ್ದ ಹುಡುಗಿಯರು ನಕ್ಕರು. ಅಮ್ಮನೂ ಅವರ ಜೊತೆ ನಕ್ಕಂತೆ ಮಾಡಿದಳು. ಇಪ್ಪತ್ತೈದು ವರ್ಷದ ಹಿಂದಿನ ಆ ನೀರು ಏಪ್ರಿಲ್ಲಿನ ಆ ಬೆಳಿಗ್ಗೆ ಮತ್ತೆ ಮೂಗಿಗೆ ಏರಿತು. ಮೈಯೆಲ್ಲ ನಾರುವ ಇವಳಿಗೆ ನನ್ನ ಕೈ ಹೊಲಸು. ಐರಿನ್ ಮಾಸ್ಕನ್ನು ಗುಡ್ಡವ್ವನ ಮುಖದ ಮೇಲಿಟ್ಟು ಒತ್ತಿ ಹಿಡಿದಳು. ಗುಡ್ಡವ್ವ ಉಸಿರು ಬಿಗಿಹಿಡಿದಳು. ಉಸಿರು ಕಟ್ಟಿದರೆ ಮಾಸ್ಕ್ ಎತ್ತಬೇಕು, ಗಾಳಿ ಕೊಡಬೇಕು, ತಾನಾಗಿ ಉಸಿರಾಡುವವರೆಗೆ ಕಾಯಬೇಕು. ಅವಳು ಕಲಿತ ಮೊದಲ ಪಾಠವೇ ಅದು. ಅವಳು ಎತ್ತಲಿಲ್ಲ. ಹೆಬ್ಬೆರಳನ್ನು ಸಡಿಲಿಸಿ ಇನ್ನಷ್ಟು ಸುರಿದಳು. ಎಷ್ಟು ಹೊತ್ತು? ನಾಲ್ಕು ಎಣಿಸುವಷ್ಟು, ಐದು ಎಣಿಸುವಷ್ಟು. ಆಮೇಲೆ ತಡೆಯಲಾರದೆ ಗುಡ್ಡವ್ವ ಒಮ್ಮೆ ಆಳವಾಗಿ ಎಳೆದುಕೊಂಡಳು. ಮಾಸ್ಕಿನಲ್ಲಿ ತುಂಬಿದ್ದೆಲ್ಲ ಒಮ್ಮೆಲೇ ಒಳಗೆ ಹೋಯಿತು. ಕಿವಿಯ ಮುಂದೆ ಇಟ್ಟಿದ್ದ ಬೆರಳಿನ ಕೆಳಗೆ ನಾಡಿ ಎರಡು ಸಲ ಎಡವಿ, ನಿಂತಿತು.

ಮಂದಾಕಿನಿಬಾಯಿ ಅರ್ಧ ತಾಸು ಎದೆ ಒತ್ತಿದರು, ಕೈ ಎತ್ತಿ ಇಳಿಸಿ ಉಸಿರು ತುಂಬಲು ನೋಡಿದರು. ಕಡೆಗೆ ಬೆವರು ಒರೆಸಿಕೊಳ್ಳುತ್ತ, "ಏನಾತು ಐರಿನ್?" ಎಂದು ಕೇಳಿದರು. "ಗೊತ್ತಿಲ್ರಿ ಬಾಯಾರ. ಒಮ್ಮಿಂದೊಮ್ಮೆಲೆ..." ಎಂದಳು ಐರಿನ್. ಅವರು ಅವಳನ್ನು ಸ್ವಲ್ಪ ಹೊತ್ತು ನೋಡಿ, ಹೊರಗೆ ಹೋಗಿ ಸಾವಕ್ಕನಿಗೆ, ನಿನ್ನ ಮಗಳ ಎದೆ ಭಾಳ ಅಶಕ್ತ ಇತ್ತು, ಹೊರಗಿನಿಂದ ನಮಗ ತಿಳೀಲಿಲ್ಲ ಎಂದು ಹೇಳಿದರು. ಆಗ ಐರಿನ್ ಗುಡ್ಡವ್ವನ ತಲೆ ಹಿಡಿದುಕೊಂಡು ಅತ್ತಳು. ಅದನ್ನು ಸಾವಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಅಕ್ಕಾ, ಸೂಜಿ ಚುಚ್ಚಕೊಂಡ್ರಿ" ಎಂದಳು ಸಿತಾರಾ. ಬಂದದ್ದು ಯಾವಾಗಲೋ. ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ. ಐರಿನ್ ಅದನ್ನು ಬಿಚ್ಚಿ ಬೇರೆ ಬಟ್ಟೆ ಹಾಕಲು ಹೊರಟಾಗ ಸಿತಾರಾ ಅವಳ ಕೈಯಿಂದ ತೆಗೆದುಕೊಂಡು ತಾನೇ ಹೊಲಿದಳು. ಇಪ್ಪತ್ತರ ಹುಡುಗಿ, ಸ್ಟೇಷನ್ನಿನ ಹತ್ತಿರ ಟಾಂಗಾ ಹೊಡೆಯುವ ಕಮರುದ್ದೀನನ ಮಗಳು, ಸೂಲಗಿತ್ತಿಯ ತರಬೇತಿ ಮುಗಿಸಿದವಳು. ಕೈ ಶಾಂತ, ಮಾತು ಕಡಿಮೆ. ನಾಲ್ಕು ತಿಂಗಳು ದಿಂಬಿನ ಮೇಲೆ ಮಾಸ್ಕ್ ಇಟ್ಟು, ಬಾಟಲಿಯಲ್ಲಿ ನೀರು ತುಂಬಿ, ನಿಮಿಷಕ್ಕೆ ಇಷ್ಟು ಹನಿ ಎಂದು ಗಡಿಯಾರ ನೋಡಿ ಹಾಕಿಸಿದ್ದಳು ಐರಿನ್. ಎಲ್ಲವನ್ನೂ ಕಲಿಸಿದ್ದಳು. ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದು, ರೆಪ್ಪೆಯ ಕೂದಲು ಸವರಿ ನೋಡುವುದು, ರೆಪ್ಪೆ ಅದುರಿದರೆ ಇನ್ನೂ ಎಚ್ಚರ ಎಂದು ತಿಳಿಯುವುದು. ಕಣ್ಣು ಮೊದಲು ಹೋಗುತ್ತದೆ, ಮಾತು ಆಮೇಲೆ, ಎಲ್ಲಕ್ಕಿಂತ ಕಡೆಗೆ ಕಿವಿ. ಆದ್ದರಿಂದ ರೆಪ್ಪೆ ಶಾಂತವಾಗುವವರೆಗೆ ತಲೆಯ ಹತ್ತಿರ ಯಾರೂ ಬೇಡದ ಮಾತಾಡಬಾರದು ಎಂದೂ ಕಲಿಸಿದ್ದಳು. ಒಂದನ್ನು ಮಾತ್ರ, ಉಸಿರು ಕಟ್ಟುವವರ ವಿಷಯವನ್ನು, ಪುಸ್ತಕದಲ್ಲಿದ್ದಂತೆ ಲಗೂ ಲಗೂ ಹೇಳಿ ದಾಟಿಸಿದ್ದಳು. ಅದನ್ನು ಹೇಳುವಾಗ ದನಿ ತನ್ನ ಹಿಡಿತದಲ್ಲಿರುತ್ತಿರಲಿಲ್ಲ. ಸಿತಾರಾ ತಲೆಯಾಡಿಸಿದ್ದಳು. ತಿಳಿಯಿತೋ ಇಲ್ಲವೋ ಎಂದು ಐರಿನ್ ಎರಡನೇ ಸಲ ಕೇಳಿರಲಿಲ್ಲ.

ಫಕ್ಕೀರವ್ವ ನಡೆದೇ ಬಂದು ಮೇಜು ಹತ್ತಿದಳು. ಅಕ್ಕನ ಹಣೆ, ಅಕ್ಕನ ಹುಬ್ಬು. ಐರಿನ್ ಅವಳ ಕಿವಿಯ ಮುಂದೆ ಬೆರಳಿಟ್ಟಳು. ನಾಡಿ ಬೆದರಿದ ಕರುವಿನಂತೆ ಓಡುತ್ತಿತ್ತು. "ನನ್ನ ಎದಿ ಸಣ್ಣದೈತ್ರಿ" ಎಂದಳು ಹುಡುಗಿ, ತಪ್ಪು ಒಪ್ಪಿಕೊಳ್ಳುವವಳಂತೆ. "ಸ್ವಲ್ಪ ನೋಡಿ ಹಾಕ್ರಿ." ಆ ಎದೆಗೆ ಏನೂ ಆಗಿರಲಿಲ್ಲ, ಆ ಮನೆಯ ಯಾರ ಎದೆಗೂ ಏನೂ ಆಗಿರಲಿಲ್ಲ. ತನ್ನ 'ಗೊತ್ತಿಲ್ರಿ' ಎಂಬ ಒಂದು ಮಾತು ಅಮರಗೋಳದವರೆಗೆ ನಡೆದುಹೋಗಿ, ಈ ಹುಡುಗಿಯ ತಲೆಯಿಂದ ನೀರಿನ ಕೊಡ ಇಳಿಸಿ, ಬಂದ ಬೀಗರನ್ನು ಹೊರಳಿಸಿ ಕಳಿಸಿ, ಈಗ ಮೇಜಿನ ಮೇಲೆ ತನ್ನೆದುರೇ ಮಲಗಿತ್ತು. ಕೋಣೆಯ ಆ ತುದಿಯಲ್ಲಿ ಮಂದಾಕಿನಿಬಾಯಿ ಬೆನ್ನು ಮಾಡಿ ನಿಂತು ಕೈ ತೊಳೆಯುತ್ತಿದ್ದರು. ಆಯಾ ಮೇಲಿನಿಂದ ಬಿಸಿನೀರು ಸುರಿಯುವ ಸಪ್ಪಳ. "ಚಾಲೂ ಮಾಡ್ರಿ" ಎಂದರು ಅವರು.

ಸಿತಾರಾ ಮಾಸ್ಕ್ ಇಟ್ಟಳು. ಮೊದಲ ಹನಿ, ಎರಡನೆಯದು. "ಒಂದು ಎರಡು ಅಂತ ಎಣಸ್ರಿ" ಎಂದಳು. ಫಕ್ಕೀರವ್ವ ಎಣಿಸಿದಳು. ಹನ್ನೊಂದು ಎಂದ ಮೇಲೆ ಎಣಿಕೆ ನಿಂತಿತು. ಹುಡುಗಿ ತಲೆ ಆಚೆ ಈಚೆ ಹೊರಳಿಸಿದಳು, ಕೈ ಎತ್ತಲು ನೋಡಿದಳು, ಆಮೇಲೆ ಎದೆ ಅಲ್ಲಿಗೇ ನಿಂತಿತು. ಉಸಿರು ಕಟ್ಟಿದ್ದಳು. ಸಿತಾರಾಳ ಕೈ ಶಾಂತವಾಗಿ, ಕಲಿಸಿದ ಲೆಕ್ಕಕ್ಕೆ ಸರಿಯಾಗಿ ಮತ್ತೊಂದು ಹನಿ ಹಾಕಿತು. ಇನ್ನೊಂದು.

"ಎತ್ತು!" ಎಂದಳು ಐರಿನ್. ಕೈ ಚಾಚಿ ತಾನೇ ಮಾಸ್ಕನ್ನು ಕಿತ್ತೆತ್ತಿದಳು. "ಉಸಿರು ಹಿಡದಾಳ, ಕಾಣವಲ್ದೇನ ನಿನಗ? ಹಿಡದಾಗ ಹಾಕಬಾರದು, ಎತ್ತಿ ಹಿಡೀಬೇಕು."

ಸಿತಾರಾ ಬೆಚ್ಚಿ ನೋಡಿದಳು. "ಹಾಕಿದ್ರ ಏನಾಗತಿತ್ತು ಅಕ್ಕಾ?" ಎಂದು ಪಿಸುಗುಟ್ಟಿದಳು. ಅದು ಕಲಿಯುವವಳ ಪ್ರಶ್ನೆ, ಅಷ್ಟೆ. ಆದರೆ ಐರಿನ್‌ಗೆ ಆ ಕ್ಷಣ ಬೇರೆ ಉತ್ತರ ಇರಲಿಲ್ಲ. "ಇವಳ ಅಕ್ಕಗ ಆದಂಗ ಆಗತಿತ್ತು" ಎಂದಳು ಅಷ್ಟೇ ಮೆಲ್ಲಗೆ. "ಗುಡ್ಡವ್ವಂದು ಎದಿ ಸಣ್ಣದಿರಲಿಲ್ಲ. ಅವಳು ಉಸಿರು ಹಿಡದಾಗ ನಾ ಎತ್ತಲಿಲ್ಲ. ಸಿಟ್ಟಿನಾಗ ಇನ್ನಷ್ಟು ಹಾಕಿದೆ. ನಾ ಕೊಂದೆ."

ಫಕ್ಕೀರವ್ವ ಬಿಕ್ಕಳಿಸಿದಂತೆ ಉಸಿರೆಳೆದುಕೊಂಡಳು. ಬರೀ ಗಾಳಿ. ಮತ್ತೊಮ್ಮೆ, ಮತ್ತೊಮ್ಮೆ. ನಾಡಿ ಇತ್ತು. ಐರಿನ್ ಮಾಸ್ಕನ್ನು ಸಿತಾರಾಳ ಕೈಗೆ ಕೊಟ್ಟು, ಅಭ್ಯಾಸದಂತೆ ಕಿರುಬೆರಳಿನಿಂದ ಹುಡುಗಿಯ ರೆಪ್ಪೆಯ ಕೂದಲು ಸವರಿದಳು. ರೆಪ್ಪೆ ಅದುರಿತು.

ಮುಂದಿನ ಒಂದೂವರೆ ತಾಸು ಆಪರೇಷನ್ ಸುಸೂತ್ರ ನಡೆಯಿತು. ಉಸಿರಿನ ಸಣ್ಣ ಬದಲಾವಣೆಗೂ ಸಿತಾರಾ ಮಾಸ್ಕ್ ಎತ್ತಿ ಐರಿನ್‌ಳನ್ನು ನೋಡುತ್ತಿದ್ದಳು, ಆದರೆ ಕಣ್ಣಿಗೆ ಕಣ್ಣು ಸೇರಿಸದೆ, ಗಲ್ಲವನ್ನೋ ಕೊರಳನ್ನೋ ನೋಡುತ್ತಿದ್ದಳು. ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆಯನ್ನು ಮಂದಾಕಿನಿಬಾಯಿ ತಟ್ಟೆಗೆ ಹಾಕಿದರು. ನಡುನಡುವೆ ಅವರು "ನಾಡಿ ಹ್ಯಾಂಗದ?" ಎಂದು ಕೇಳಿದಾಗಲೆಲ್ಲ ಐರಿನ್ "ಛಲೋ ಐತ್ರಿ" ಎನ್ನುತ್ತಿದ್ದಳು. ನಿಜವಾಗಿಯೂ ಛಲೋ ಇತ್ತು. ಹೆದರಿಕೆ ಇಳಿದ ಮೇಲೆ ಆ ನಾಡಿ ಹೊಲ ಉಳುವ ಎತ್ತಿನ ನಡಿಗೆಯಂತೆ ಒಂದೇ ಸಮ, ಗಟ್ಟಿಯಾಗಿ ಬೆರಳಿಗೆ ತಾಗುತ್ತಿತ್ತು. ಆದರೆ ಅವಳ ಮನಸ್ಸು ರೆಪ್ಪೆಯ ಆ ಅದುರಿಗೇ ಕಚ್ಚಿಕೊಂಡಿತ್ತು. ಕೇಳಿರಬಹುದು. ಕೇಳಿದರೂ ಎಚ್ಚರಾದ ಮೇಲೆ ನೆನಪಿರುವುದಿಲ್ಲ. ಎಷ್ಟೋ ಜನಕ್ಕೆ ಎಣಿಸಿದ್ದೂ ನೆನಪಿರುವುದಿಲ್ಲ. ಧಾರವಾಡದ ಒಬ್ಬ ಮಾಸ್ತರರ ಹೆಂಡತಿ ಮಾತ್ರ ಎರಡು ದಿನ ಬಿಟ್ಟು, ಡಾಕ್ಟರು ಆಯಾನ್ನ ಕತ್ತೆ ಅಂತ ಬೈದದ್ದು ನನಗ ಕೇಳಿಸ್ತು ಎಂದು ನಕ್ಕಿದ್ದಳು. ನೆನಪಿರದಿದ್ದರೆ ಸಾಕು ಎಂದುಕೊಂಡಳು ಐರಿನ್. ಮರುಕ್ಷಣ ತಾನು ಹಾಗೆ ಅಂದುಕೊಂಡದ್ದಕ್ಕೇ ಮೈ ಮುದುರಿತು. ಹಾಗಾದರೆ ಈಗ ಆಡಿದ್ದು ಏನು? ಕೇಳಬಾರದವರ ಕಿವಿ ಮುಚ್ಚುವ ಹೊತ್ತು ನೋಡಿ ಆಡಿದ್ದೆ? ಡಾಕ್ಟರು ಬೆನ್ನು ಮಾಡಿದ್ದಾಗ, ನೀರಿನ ಸಪ್ಪಳದ ಮರೆಯಲ್ಲಿ, ಎದುರಾಡಲಾರದ ಸಿತಾರಾಳ ಮುಂದೆ?

ಮಧ್ಯಾಹ್ನ ಮೂರರ ಸುಮಾರಿಗೆ ಫಕ್ಕೀರವ್ವನಿಗೆ ಎಚ್ಚರವಾಯಿತು. ಎರಡು ಸಲ ವಾಂತಿ ಮಾಡಿಕೊಂಡಳು. ಐರಿನ್ ಬಟ್ಟಲು ಹಿಡಿದು, ಬಾಯಿ ಒರೆಸಿ, ಒದ್ದೆ ಬಟ್ಟೆಯಿಂದ ತುಟಿ ಸವರಿದಳು. ಬೇರೆ ನರ್ಸಿಗೆ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಹುಡುಗಿ ಬಹಳ ಹೊತ್ತು ಮೇಲಿನ ಹಂಚನ್ನು ನೋಡುತ್ತ ಮಲಗಿದ್ದಳು. ಆಮೇಲೆ ಒಣಗಿದ ಗಂಟಲಲ್ಲಿ, ಮುಖ ಹೊರಳಿಸದೆ ಕೇಳಿದಳು:

"ಯಾಕ ಸಿಟ್ಟ ಬಂದಿತ್ತ್ರಿ ನಿಮಗ, ನಮ್ಮಕ್ಕನ ಮ್ಯಾಲೆ?"

ಐರಿನ್ ಬಟ್ಟಲನ್ನು ಕೆಳಗಿಟ್ಟಳು. ಓಡಿ ಹೋಗಬೇಕೆನ್ನಿಸಿತು, ಕನಸು ಬಿದ್ದಿರಬೇಕು ನಿನಗ, ಔಷಧದ ಅಮಲು ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅದನ್ನು ನುಂಗಿದಳು.

"ನನಗ ಮುಟ್ಟಬ್ಯಾಡ ಅಂದ್ಳು" ಎಂದಳು. "ಹೊಲಸು ಅಂದ್ಳು. ಕೈ ದೂಡಿದ್ಳು. ನನ್ನ ಜಾತಿ ನೋಡಿ ಅಂದ್ಳು ಅಂತ... ಎಲ್ಲಾರ ಮುಂದ ಅಂದ್ಳಲ್ಲ ಅಂತ ಸಿಟ್ಟ ಬಂತವಾ."

ಫಕ್ಕೀರವ್ವ ಈಗ ಮುಖ ಹೊರಳಿಸಿದಳು. ಅವಳ ಕಣ್ಣಲ್ಲಿ ಐರಿನ್ ಎದುರುನೋಡಿದ ಯಾವುದೂ ಇರಲಿಲ್ಲ, ಬರೀ ಗೊಂದಲ. "ನಿಮಗ ಅಂದಿಲ್ರಿ ಅದು" ಎಂದಳು. "ಅಕ್ಕ ಎಲ್ಲಾರಿಗೂ ಹಂಗ ಅಂತಿದ್ಳು. ಅವ್ವ ತಲಿ ಹಿಕ್ಕಾಕ ಹೋದ್ರ, ಮುಟ್ಟಬ್ಯಾಡ, ಹೊಲಸ ಐತಿ. ನಾ ಗಂಜಿ ಒಯ್ದ್ರ, ಅಲ್ಲೇ ಇಟ್ಟ ಹೋಗ, ಹೊಲಸ ಹತ್ತತೈತಿ ನಿನಗ. ತನ್ನ ಮೈ ಹೊಲಸಾಗೇತಿ ಅಂತ ಅಂತಿದ್ಳು. ನಿಮಗ ಹತ್ತಬಾರದಂತ ಅಂದಾಳ್ರಿ." ನೋವಿಗೋ ಏನೋ ಕಣ್ಣು ಮುಚ್ಚಿ, "ನೀವು ಮೂಗ ಮುಚ್ಚಿರಲಿಲ್ಲೇನ? ಅವಳಿಗೆ ಮೂಗ ಮುಚ್ಚದಾವ್ರ್ನ ಕಂಡ್ರ ಭಾಳ ನಾಚಿಕಿ ಆಗತಿತ್ತು" ಎಂದಳು.

ಕಿಟಕಿಯಾಚೆ ಯಾರೋ ಬಕೆಟ್ಟು ಎಳೆದ ಸದ್ದಾಯಿತು. ಐರಿನ್ ತನ್ನೊಳಗೆ ಆ ಬೆಳಿಗ್ಗೆಯನ್ನು ಮತ್ತೆ ನಡೆಸಿ ನೋಡಿದಳು. ಅದೇ ಮಾತು, ಅದೇ ಕೈ. ತಳ್ಳಿದ ಕೈಯಲ್ಲಿ ತಿರಸ್ಕಾರವನ್ನು ಎಷ್ಟು ಹುಡುಕಿದರೂ ಈಗ ಸಿಗಲಿಲ್ಲ. ನಾಲ್ಕು ತಿಂಗಳು ಅವಳು ಒಂದು ಗುಟ್ಟಿನ ಆಸರೆ ಇಟ್ಟುಕೊಂಡಿದ್ದಳು: ತಪ್ಪು ಮಾಡಿದೆ, ಆದರೆ ನನಗೆ ಅವಮಾನವಾಗಿತ್ತು. ಇನ್ನು ಆ ಆಸರೆಯೂ ಇಲ್ಲ. ಅವಮಾನವೇ ಆಗಿರಲಿಲ್ಲ. ಸಪ್ತಾಪುರದ ಮುದುಕಿಗೆ ಕೊಡಬೇಕಾದದ್ದನ್ನು ಕೊಟ್ಟಿಗೆಯ ಪಕ್ಕ ಮಲಗಿದ್ದವಳಿಗೆ ಕೊಟ್ಟಿದ್ದಳು.

"ಅವ್ವಗ ನೀವ ಹೇಳ್ರಿ" ಎಂದಳು ಫಕ್ಕೀರವ್ವ. "ನನ್ನ ಕೈಲಿ ಆಗಾಂಗಿಲ್ಲ."

ಸಾವಕ್ಕ ಪಡಸಾಲೆಯ ಅದೇ ಕಂಬದ ಹತ್ತಿರ ಗಂಟು ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಳು. ಮಗಳು ಉಳಿದ ಸಮಾಧಾನಕ್ಕೆ ಆಗಷ್ಟೇ ಹಸಿವಾದಂತಿತ್ತು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಜಾಗ ಮಾಡಿದಳು. ಐರಿನ್ ಕೂರದೆ, ಕಂಬ ಹಿಡಿದು ನಿಂತೇ ಹೇಳಿದಳು. ಬಹಳ ಮಾತು ಬೇಕಾಗಲಿಲ್ಲ. ಮುಟ್ಟಬ್ಯಾಡ ಅಂದದ್ದು, ತನಗೆ ಸಿಟ್ಟು ಬಂದದ್ದು, ಉಸಿರು ಹಿಡಿದದ್ದು, ಸುರಿದದ್ದು. ಹೇಳಿ ಮುಗಿದಾಗ ಸಾವಕ್ಕನ ಕೈಯಲ್ಲಿ ರೊಟ್ಟಿಯ ಚೂರು ಹಾಗೆಯೇ ಇತ್ತು. ಅವಳು ಅದನ್ನು ಬಟ್ಟೆಯೊಳಗಿಟ್ಟು ಗಂಟು ಕಟ್ಟಿದಳು. ಗಂಟು ಸರಿಯಾಗಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು.

"ಹಂಗಾರ ಎದಿ ಸಣ್ಣದಿರಲಿಲ್ಲ?"

"ಇಲ್ರಿ. ಗಟ್ಟಿ ಇತ್ತ್ರಿ."

"ಇವಳದು?"

"ಇವಳದೂ ಗಟ್ಟಿ ಐತ್ರಿ. ಈಗ ಒಂದೂವರಿ ತಾಸು ನನ್ನ ಬೆರಳಿನ ಕೆಳಗಿತ್ತು. ಯಾರ ಮುಂದ ಬೇಕಾದ್ರೂ ಬಂದು ಹೇಳತೇನ್ರಿ, ಬೀಗರ ಮುಂದ ಬೇಕಾದ್ರೂ."

ಸಾವಕ್ಕ ಎದ್ದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡಳು ಐರಿನ್. ಹೊಡೆದರೆ ಛಲೋ ಎಂದೂ ಅನ್ನಿಸಿತು. ಸಾವಕ್ಕ ಹೊಡೆಯಲಿಲ್ಲ. "ಒಂದ ವರ್ಷ ಅವಳ್ನ ಯಾರೂ ಮುಟ್ಟಿರಲಿಲ್ಲ" ಎಂದಳು. "ಗಂಡ ಮುಟ್ಟಲಿಲ್ಲ. ನನಗ ಮುಟ್ಟಾಕ ಅವಳು ಕೊಡಲಿಲ್ಲ. ಕಡೀಕೆ ಮುಟ್ಟಿದಾಕಿ ನೀ." ಆಮೇಲೆ, ಇನ್ನೇನೋ ಹೇಳಲು ಹೊರಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹೋಗ ಇಲ್ಲಿಂದ" ಎಂದಳು.

ಐರಿನ್ ಅಲ್ಲಿಂದ ನೇರ ಮಂದಾಕಿನಿಬಾಯಿಯವರ ಕೋಣೆಗೆ ಹೋದಳು. ನಿಂತರೆ ಮತ್ತೆ ಧೈರ್ಯ ಸಾಲದೆಂದು ಬಾಗಿಲಲ್ಲೇ ಶುರು ಮಾಡಿ, ಬೆರಳು ನೋವಿನ ಸುಳ್ಳನ್ನೂ ಸೇರಿಸಿ ಹೇಳಿದಳು. ಡಾಕ್ಟರಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖ ವಯಸ್ಸಾದವರ ಮುಖವಾಗಿತ್ತು. "ಏನಾತು ಅಂತ ಅವತ್ತು ನಾ ನಿಮ್ಮನ್ನ ಒಂದ ಸಲ ಕೇಳಿದೆ" ಎಂದರು. "ಎರಡನೇ ಸಲ ಕೇಳಲಿಲ್ಲ. ಕೇಳಿದ್ರ 'ಗೊತ್ತಿಲ್ಲ' ಅನ್ನೋದಕ್ಕಿಂತ ಬ್ಯಾರೆ ಉತ್ತರ ಬರತದ ಅಂತ ನನಗ ಅನಿಸಿತ್ತು. ಎದಿ ಅಶಕ್ತ ಇತ್ತಂತ ಆಕಿಗೆ ಹೇಳಿದಾಕಿ ನಾನ ಅಲ್ಲೇನು?" "ನಾಳಿಂದ ನೀವು ಬಾಟ್ಲಿ ಹಿಡೀಬ್ಯಾಡ್ರಿ. ವಾರ್ಡಿನಾಗ ಇರ್ರಿ. ಆಸ್ಪತ್ರೀ ಕಮಿಟಿಗೆ ನಾ ಬರೀತೀನಿ. ನೀವು ಮಾಡಿದ್ದೂ ಬರೀತೀನಿ, ನಾ ಮಾಡಿದ್ದೂ ಬರೀತೀನಿ. ಅವರು ಇರ್ರಿ ಅಂದ್ರ ಇರೋಣ, ಹೋಗ್ರಿ ಅಂದ್ರ ಹೋಗೋಣ. ಅಲ್ಲೀತನಾ ಸಿತಾರಾಗ ಕಲಸೋದು ಬಿಡಬ್ಯಾಡ್ರಿ."

"ನನ್ನ ಕಡಿಂದ ಇನ್ನ ಕಲೀತಾಳೇನ್ರಿ ಆಕಿ?"

"ಇವತ್ತು ಕಲತಾಳಲ್ಲ" ಎಂದರು ಅವರು, ಬೇಸರದ ದನಿಯಲ್ಲಿ. ಕನ್ನಡಕ ಮತ್ತೆ ಹಾಕಿಕೊಂಡರು.

ಮುಂದೆ ಹನ್ನೆರಡು ದಿನ ಐರಿನ್ ಫಕ್ಕೀರವ್ವ ಇದ್ದ ವಾರ್ಡಿನಲ್ಲೇ ಕೆಲಸ ಮಾಡಿದಳು. ಸಾವಕ್ಕ ಅವಳ ಜೊತೆ ಮಾತಾಡಲಿಲ್ಲ. ಐರಿನ್ ಮಂಚದ ಹತ್ತಿರ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಅವಳು ಹಾಸಿದ ಚಾದರವನ್ನು ತೆಗೆದು ಮತ್ತೆ ತಾನೇ ಹಾಸುತ್ತಿದ್ದಳು. ಒಂದು ದಿನ ಮಂದಾಕಿನಿಬಾಯಿ ಬಂದು ಅವಳ ಎದುರು ನೆಲದ ಮೇಲೇ ಕೂತು ಏನೋ ಬಹಳ ಹೊತ್ತು ಹೇಳಿದರು. ಐರಿನ್ ದೂರದಿಂದ ನೋಡಿದಳು, ಕೇಳಿಸಲಿಲ್ಲ. ಆಯಾಗಳು ತಮ್ಮೊಳಗೆ ಮಾತಾಡಿಕೊಳ್ಳುವುದು ಅವಳು ಬಂದೊಡನೆ ನಿಲ್ಲುತ್ತಿತ್ತು. ಸಿತಾರಾ ಮಾತ್ರ ಪ್ರತಿ ಆಪರೇಷನ್ನಿನ ಮುಂಚೆ ಬಾಗಿಲ ಹತ್ತಿರ ಬಂದು ನಿಂತು, ರೋಗಿ ಹೀಗಿದ್ದಾಳೆ, ಹೀಗೆ ಹೆದರಿದ್ದಾಳೆ, ಏನು ಮಾಡಲಿ ಎಂದು ಕೇಳುತ್ತಿದ್ದಳು, ಐರಿನ್ ಹೇಳುತ್ತಿದ್ದಳು. ಕಮಿಟಿಯಿಂದ ಇನ್ನೂ ಉತ್ತರ ಬಂದಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು. ಅದು ಅವಳಿಗೆ ನಾಚಿಕೆಯೆನಿಸುತ್ತಿತ್ತು.

ಹದಿಮೂರನೆಯ ದಿನ ಬೆಳಿಗ್ಗೆ ಅಮರಗೋಳದಿಂದ ಚಕ್ಕಡಿ ಬಂತು. ಹುಲ್ಲು ಹಾಸಿ, ಮೇಲೆ ಕೌದಿ ಹಾಕಿದ್ದರು. ಚಕ್ಕಡಿ ಹೊಡೆಯುವ ಮುದುಕ ಎತ್ತುಗಳ ಮುಂದೆ ನಿಂತು ಮೂಗುದಾರ ಹಿಡಿದಿದ್ದ. ಅವನು ಬಿಟ್ಟರೆ ಎತ್ತು ಕದಲುತ್ತಿದ್ದವು. ಫಕ್ಕೀರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಿಳಿದು ಬಂದಳು, ಆದರೆ ಚಕ್ಕಡಿ ಎತ್ತರವಾಗಿತ್ತು. ಹೊಲಿಗೆಯ ಮೇಲೆ ಜೋರು ಬೀಳದಂತೆ ಇಬ್ಬರು ಎತ್ತಬೇಕು. ಸಾವಕ್ಕ ಒಬ್ಬಳೇ ಒಂದು ಸಲ ಪ್ರಯತ್ನಿಸಿ, ಮಗಳು ನರಳಿದ್ದಕ್ಕೆ ಇಳಿಸಿ, ಸುತ್ತ ನೋಡಿದಳು. ಆಯಾಗಳು ಯಾರೂ ಹೊರಗಿರಲಿಲ್ಲ. ಪಡಸಾಲೆಯ ಅಂಚಿನಲ್ಲಿ ಐರಿನ್ ನಿಂತಿದ್ದಳು. ಮುಂದೆ ಬರಲು ಧೈರ್ಯವಿಲ್ಲದೆ, ಒಳಗೆ ಹೋಗಲೂ ಆಗದೆ.

ಸಾವಕ್ಕ ಅವಳನ್ನು ನೋಡಿದಳು. ಮುಖ ಸಡಿಲಾಗಲಿಲ್ಲ.

"ನೋಡಕೋತ ಏನ ನಿಂತಿ?" ಎಂದಳು. "ಬಾ, ಆ ಕಡೆ ಹಿಡಿ."

ಐರಿನ್ ಮೆಟ್ಟಿಲಿಳಿದು ಹೋಗಿ ಹುಡುಗಿಯ ಬೆನ್ನ ಹಿಂದೆ ಒಂದು ಕೈ, ಮೊಣಕಾಲಿನ ಕೆಳಗೆ ಒಂದು ಕೈ ಕೊಟ್ಟಳು. ಆ ಬದಿಯಿಂದ ಸಾವಕ್ಕನ ಕೈ ಬಂದು ಕೆಳಗೆ ಅವಳ ಕೈಗೆ ತಾಗಿತು, ಒರಟಾದ, ಬೆಚ್ಚನೆಯ ಕೈ. ಸಾವಕ್ಕ ಅದನ್ನು ಹಿಂದೆಗೆಯಲಿಲ್ಲ; ಬಿಗಿಯಾಗಿ ಮಣಿಕಟ್ಟು ಹಿಡಿದಳು, ಭಾರ ಎತ್ತುವಾಗ ಹಿಡಿಯುವ ಹಾಗೆ. "ಎತ್ತು" ಎಂದಳು. ಇಬ್ಬರೂ ಎತ್ತಿದರು.